ಕಿಕ್ಕಿರಿದ ಅಲೆಪಟ್ಟಿಯಲ್ಲಿ ಹೊಸ ವೈ-ಫೈ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರೇಷಕ ಯಂತ್ರವನ್ನು ಹೂಡಿ ಬಾನುಲಿ ಪ್ರಸಾರವನ್ನು ಆರಂಭಿಸಿದ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ಆ ನಿಲಯದಿಂದಲೇ. ಅಂದು ಆ ಯಂತ್ರಕ್ಕೆ ಮೈಸೂರಿನ ಆಕಾಶವೆಲ್ಲ ತೆರವಾಗಿತ್ತು. ಅದರ ಮಾತಿಗೆ ಅಡ್ಡ ಮಾತನಾಡುವ ಮತ್ತೊಂದು ಯಂತ್ರ ನೆರೆಯಲ್ಲಿರಲಿಲ್ಲ. ಇಂದು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆಗೊಂದು ಪ್ರೇಷಕ ಯಂತ್ರವಿದೆ. ನಾವು ಅದನ್ನು ರೌಟರ್ ಎಂದು ಕರೆಯುತ್ತೇವೆ. ಅದರೊಡನೆ ಮಾತನಾಡುವ ಮೊಬೈಲು, ಗಣಕಯಂತ್ರ, ಟಿ.ವಿ.ಗಳೂ ಪ್ರೇಷಕಗಳೇ. ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಮೂರು ಮಹಡಿ ಎಬ್ಬಿಸಿರುವ ಒಂದು ಅಡ್ಡರಸ್ತೆಯಲ್ಲಿ ನಿಂತು ಮೊಬೈಲನ್ನು ತೆರೆದು ನೋಡಿದರೆ, ಇಪ್ಪತ್ತು ಮೂವತ್ತು ವೈ-ಫೈ ಹೆಸರುಗಳು ಸಾಲಾಗಿ ಕಾಣುವುದು ಸಾಮಾನ್ಯ.

ಈ ಸಂದಣಿಯ ವಿಚಾರವನ್ನು ಬರೆಯಲು ಕಾರಣವಾದ ಒಂದು ಸಣ್ಣ ಪ್ರಸಂಗವನ್ನು ಮೊದಲು ಹೇಳುತ್ತೇನೆ. ಬಸವೇಶ್ವರನಗರದ ನನ್ನ ಸ್ನೇಹಿತರೊಬ್ಬರ ಮಗಳು ದ್ವಿತೀಯ ಪಿ.ಯು.ಸಿ. ಓದುತ್ತಿದ್ದಳು. ಪ್ರವೇಶ ಪರೀಕ್ಷೆಗೆ ಬೇಕಾದ ಪಾಠಗಳನ್ನು ಅವಳು ಎರಡನೆಯ ಮಹಡಿಯ ತನ್ನ ಕೋಣೆಯಲ್ಲಿ ಕುಳಿತು ಅಂತರಜಾಲದ ಮೂಲಕ ಕೇಳುತ್ತಿದ್ದಳು. ರಾತ್ರಿ ಎಂಟರ ಅನಂತರ ಪಾಠ ಪದೇ ಪದೇ ನಿಂತುಹೋಗುತ್ತಿತ್ತು. ಸ್ನೇಹಿತರು ಹಳೆಯ ರೌಟರನ್ನು ತೆಗೆದು, ‘ವೈ-ಫೈ 6’ ಎಂದು ದೊಡ್ಡದಾಗಿ ಅಚ್ಚಾದ ಹೊಸದನ್ನು ಸಾಕಷ್ಟು ಬೆಲೆ ಕೊಟ್ಟು ತಂದರು. ನಿಲ್ಲುವುದು ನಿಲ್ಲಲಿಲ್ಲ. “ಹಣ ಹೋಯಿತು, ಪಾಠ ಬರಲಿಲ್ಲ ನೋಡಿ” ಎಂದು ಅವರು ನನ್ನಲ್ಲಿ ಹೇಳಿಕೊಂಡರು. ವಿಚಾರಿಸಲಾಗಿ ಎರಡು ಸಂಗತಿಗಳು ಹೊರಬಂದವು. ಬೆಳಗಿನ ಜಾವ ಐದು ಗಂಟೆಗೆ ಅದೇ ಕೋಣೆಯಲ್ಲಿ ಅದೇ ಪಾಠ ತಡೆಯಿಲ್ಲದೆ ನಡೆಯುತ್ತಿತ್ತು. ರಾತ್ರಿ ಎಂಟಕ್ಕೆ ಕೂಡ, ಕೆಳಗಿನ ಹಜಾರದಲ್ಲಿ ತಂತಿಯಿಂದ ರೌಟರಿಗೆ ಜೋಡಿಸಿದ ಗಣಕಯಂತ್ರದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆದಕಾರಣ ದೋಷ ಮನೆಗೆ ಬರುವ ಸಂಪರ್ಕದ್ದಲ್ಲ. ಹಜಾರಕ್ಕೂ ಎರಡನೆಯ ಮಹಡಿಗೂ ನಡುವಣ ಗಾಳಿಯದು.

ಗಾಳಿ ಎಂಬುದು ಇಲ್ಲಿ ಬರಿಯ ಮಾತಿನ ರೂಢಿ. ರೇಡಿಯೋ ಅಲೆಗಳಿಗೆ ಗಾಳಿಯ ಆಸರೆ ಬೇಕಿಲ್ಲ. ಅವು ಬೆಳಕಿನ ಜಾತಿಗೇ ಸೇರಿದ ವಿದ್ಯುತ್ಕಾಂತ ತರಂಗಗಳು. ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತವೆ ಎಂಬುದೇ ಅವುಗಳ ಆವೃತ್ತಿ. ವೈ-ಫೈ ಬಳಸುವ ಕೆಳಗಿನ ಪಟ್ಟಿಯಲ್ಲಿ ಈ ಸಂಖ್ಯೆ ಸುಮಾರು 240 ಕೋಟಿ, ಎಂದರೆ 2.4 ಗಿಗಾಹರ್ಟ್ಸ್. ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಇರುವ ತರಂಗದೂರ ಹನ್ನೆರಡೂವರೆ ಸೆಂಟಿಮೀಟರು, ಸರಿಸುಮಾರು ಅರ್ಧ ಗೇಣು. ಇಷ್ಟು ಕಿರಿದಾದ ಅಲೆಗಳ ಶಾಸ್ತ್ರ ನಮ್ಮ ನಾಡಿಗೆ ಹೊಸತಲ್ಲ. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅಲ್ಲಿ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಬೆಳೆಸಿದರು. ರಾಜಾಜಿನಗರದಿಂದ ಆ ಸಂಸ್ಥೆಗೆ ಕೆಲವೇ ಕಿಲೋಮೀಟರುಗಳ ದಾರಿ.

ಈ ಕೆಳಗಿನ ಪಟ್ಟಿ ಇಷ್ಟೊಂದು ಕಿಕ್ಕಿರಿಯಲು ಕಾರಣವೇನು? 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನೆರೆದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಕೆಲವು ಆವೃತ್ತಿಗಳನ್ನು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯಗಳ ಉಪಯೋಗಕ್ಕೆಂದು ಬೇರೆಯಾಗಿ ತೆಗೆದಿಟ್ಟಿತು. ಕಾಯಿಸುವ ಒಲೆಗಳಂಥ ಯಂತ್ರಗಳು ಅಲ್ಲಿ ಎಷ್ಟು ಗದ್ದಲ ಮಾಡಿದರೂ ಯಾರೂ ದೂರಬಾರದೆಂಬುದು ಅದರ ಆಶಯ. ಅರ್ಥಾತ್ ಅದು ಊರಾಚೆಯ ಗೋಮಾಳ. ಅಮೆರಿಕವು 1985ರಲ್ಲಿ ಇದೇ ಗೋಮಾಳದಲ್ಲಿ ಪರವಾನಿಗೆಯಿಲ್ಲದೆ ಸಂದೇಶ ಕಳುಹಿಸಲು ಅವಕಾಶ ಕೊಟ್ಟಿತು. 1997ರಲ್ಲಿ ವೈ-ಫೈಯ ಮೊದಲ ಮಾನಕ ಹೊರಬಂದಿತು. ನಮ್ಮಲ್ಲಿ ಬರಿಯ ರೇಡಿಯೋ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲವನ್ನು ಹಿರಿಯರು ಬಲ್ಲರು. 1980ರ ದಶಕದಲ್ಲಿ ಆ ಪದ್ಧತಿ ಕೊನೆಗೊಂಡಿತು. ಭಾರತ ಸರ್ಕಾರವು 2005ರ ಜನವರಿಯಲ್ಲಿ 2,400ರಿಂದ 2,483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಿಗೆಯಿಂದ ಮುಕ್ತಗೊಳಿಸಿತು. ಅಂದಿನಿಂದ ಯಾರು ಬೇಕಾದರೂ, ನಿಯಮಿತ ಶಕ್ತಿಯೊಳಗೆ, ಅಲ್ಲಿ ಮಾತನಾಡಬಹುದು. ಆದರೆ ಯಾರಿಗೂ ಅಲ್ಲಿ ಹಕ್ಕಿಲ್ಲ.

ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಇದರಲ್ಲಿ ಹದಿಮೂರು ಚಾನೆಲುಗಳಿವೆ ಎಂದು ರೌಟರಿನ ಕೈಪಿಡಿ ಹೇಳುತ್ತದೆ; ಕೇಳಿದವರಿಗೆ ಸಮೃದ್ಧಿಯೆನಿಸಬಹುದು. ವಾಸ್ತವವಾಗಿ ಒಂದು ಚಾನೆಲಿನ ಕೇಂದ್ರದಿಂದ ಮುಂದಿನದಕ್ಕೆ 5 ಮೆಗಾಹರ್ಟ್ಸ್ ಅಂತರವಿದ್ದರೆ, ಒಂದೊಂದು ಸಂಭಾಷಣೆಗೆ ಬೇಕಾದ ಅಗಲ 20 ಮೆಗಾಹರ್ಟ್ಸ್. ಒಂದರ ಮೇಲೊಂದು ಬೀಳದಂತೆ ಆರಿಸಿದರೆ ರೂಢಿಯಲ್ಲಿ ಉಳಿಯುವುದು 1, 6, 11 ಎಂಬ ಮೂರೇ. ಇಡೀ ಅಡ್ಡರಸ್ತೆಗೆ ಮೂರು ಓಣಿ!

ಒಂದೇ ಚಾನೆಲಿನಲ್ಲಿ ಹಲವು ಯಂತ್ರಗಳು ಹೇಗೆ ಬಾಳುತ್ತವೆ ಎಂಬುದು ಸ್ವಾರಸ್ಯದ ವಿಷಯ. ವೈ-ಫೈ ಯಂತ್ರಗಳು ಸ್ವಭಾವತಃ ಸಭ್ಯವಾದವು. ಮಾತನಾಡುವ ಮುನ್ನ ಪ್ರತಿಯೊಂದೂ ಕಿವಿಗೊಟ್ಟು ಆಲಿಸುತ್ತದೆ. ಬೇರೊಬ್ಬರ ಮಾತು ನಡೆಯುತ್ತಿದ್ದರೆ ಸುಮ್ಮನಿರುತ್ತದೆ. ಮಾತು ಮುಗಿದೊಡನೆ ಎಲ್ಲರೂ ಏಕಕಾಲಕ್ಕೆ ಬಾಯಿ ತೆರೆಯಬಾರದೆಂದು, ತಾನೇ ಚೀಟಿಯೆತ್ತಿದಂತೆ ಒಂದು ಸಂಖ್ಯೆಯನ್ನು ಆರಿಸಿ ಅಷ್ಟು ಕ್ಷಣಾಂಶಗಳ ಕಾಲ ಕಾಯುತ್ತದೆ. ಆಲಿಸುವ ಕಿವಿಯೂ ಬಲು ಸೂಕ್ಷ್ಮ: ಒಂದು ವಾಟಿನ ಲಕ್ಷಕೋಟಿ ಭಾಗದಲ್ಲಿ ಆರೇಳು ಭಾಗದಷ್ಟು ಶಕ್ತಿಯಿರುವ ಮಾತನ್ನೂ ಅದು ಗುರುತಿಸಿ, ‘ಯಾರೋ ಮಾತನಾಡುತ್ತಿದ್ದಾರೆ’ ಎಂದು ತಡೆಯುತ್ತದೆ. ಪಕ್ಕದ ಬೀದಿಯ ರೌಟರಿಗೂ ನಮ್ಮ ರೌಟರು ಮರ್ಯಾದೆ ಕೊಟ್ಟು ನಿಲ್ಲುವುದು ಇದರಿಂದಲೇ. ಆದ್ದರಿಂದ ವೈ-ಫೈ ಸಂದಣಿಯ ಲೆಕ್ಕವನ್ನು ವೇಗದಲ್ಲಿ ಮಾಡುವುದಕ್ಕಿಂತ ಕಾಲದಲ್ಲಿ ಮಾಡುವುದು ಉತ್ತಮ. ಒಂದು ಸೆಕೆಂಡಿನಲ್ಲಿ ಎಷ್ಟು ಹೊತ್ತು ಚಾನೆಲ್ ತೆರವಾಗಿರುತ್ತದೆ, ಅದರಲ್ಲಿ ನಮಗೆ ಸಿಕ್ಕುವ ಪಾಲೆಷ್ಟು ಎಂಬುದೇ ಪ್ರಶ್ನೆ.

ಈ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ಯಾರೂ ಏನನ್ನೂ ನೋಡದಿದ್ದರೂ, ಪ್ರತಿಯೊಂದು ರೌಟರು ‘ನಾನಿಲ್ಲಿದ್ದೇನೆ, ನನ್ನ ಹೆಸರು ಇಂಥದು’ ಎಂದು ಸೆಕೆಂಡಿಗೆ ಸುಮಾರು ಹತ್ತು ಬಾರಿ ಸಾರುತ್ತಿರುತ್ತದೆ. ಡಂಗುರದ ಒಂದೊಂದು ಸಂದೇಶ 250 ಬೈಟ್, ಎಂದರೆ 2,000 ಬಿಟ್ ಎಂದಿಟ್ಟುಕೊಳ್ಳೋಣ. 1997ರ ಕಾಲದ ಯಂತ್ರಗಳಿಗೂ ಅರ್ಥವಾಗಲೆಂದು ಇದನ್ನು ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳ ಹಳೆಯ ನಿಧಾನಗತಿಯಲ್ಲಿ ಕಳುಹಿಸಿದರೆ, ಮುನ್ನುಡಿಯೂ ಸೇರಿ 2.2 ಮಿಲಿಸೆಕೆಂಡು ಬೇಕು. ಹತ್ತು ಬಾರಿಗೆ 22 ಮಿಲಿಸೆಕೆಂಡು. ಒಂದೇ ಚಾನೆಲಿನಲ್ಲಿ ಹದಿನೈದು ರೌಟರುಗಳು ಕೇಳಿಸುತ್ತಿದ್ದರೆ 330 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಮೂರನೆಯ ಒಂದು ಭಾಗ, ಬರಿಯ ಹೆಸರು ಹೇಳಿಕೊಳ್ಳುವುದರಲ್ಲಿ ಕಳೆದುಹೋಯಿತು! ಅದೇ ಡಂಗುರವನ್ನು ಸೆಕೆಂಡಿಗೆ ಅರವತ್ತು ಲಕ್ಷ ಬಿಟ್‌ಗಳ ಗತಿಯಲ್ಲಿ ಸಾರಿದರೆ ಹದಿನೈದು ರೌಟರುಗಳಿಗೂ ಸೇರಿ ನೂರಕ್ಕೆ ಐದು ಪಾಲು ಸಾಕು. ಅತಿಥಿಗಳಿಗೆಂದು ಎರಡನೆಯ ಹೆಸರನ್ನು ಇಟ್ಟುಕೊಂಡವರ ಮನೆಯಲ್ಲಿ ಡಂಗುರವೂ ಎರಡು. ಹೊಸ ಮಾನಕದ ರೌಟರುಗಳ ಡಂಗುರ, ತಮ್ಮ ಹೊಸ ಸಾಮರ್ಥ್ಯಗಳನ್ನೆಲ್ಲ ಹೇಳಿಕೊಳ್ಳಬೇಕಾಗಿರುವುದರಿಂದ, ಹಳೆಯದಕ್ಕಿಂತ ಉದ್ದ ಎಂಬುದು ಇಲ್ಲಿಯ ವಿನೋದ.

ಸಂದಣಿಗೆ ವೈ-ಫೈ ಅಲ್ಲದ ನೆಂಟರೂ ಇದ್ದಾರೆ. ಬ್ಲೂಟೂತ್ ಸೆಕೆಂಡಿಗೆ 1,600 ಬಾರಿಯವರೆಗೆ ಜಾಗ ಬದಲಿಸುತ್ತ ಇದೇ ಪಟ್ಟಿಯಲ್ಲಿ ಜಿಗಿಯುತ್ತಿರುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಸುಮಾರು 2,450 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಅದರಿಂದ ಸೋರುವ ಅತ್ಯಲ್ಪ ಶಕ್ತಿಯೂ ವೈ-ಫೈಯ ಪಿಸುಮಾತಿನ ಎದುರು ಕೂಗು. ನೀರಿನ ಅಣುಗಳು ಈ ಆವೃತ್ತಿಗೇ ಅನುರಣಿಸುವುದರಿಂದ ಒಲೆಗೆ ಇದನ್ನು ಆರಿಸಿದರೆಂದು ಕೆಲವು ಪುಸ್ತಕಗಳಲ್ಲಿಯೂ ಬರೆದಿರುವುದುಂಟು. ಅದು ತಪ್ಪು. ನೀರು ಅತಿ ಹೆಚ್ಚಾಗಿ ಹೀರುವ ಆವೃತ್ತಿ ಇದಕ್ಕಿಂತ ಬಹಳ ಮೇಲೆ, 20 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿದೆ. ಸಾಮಾನ್ಯ ಒಲೆಯ ನಳಿಗೆ ಪರ್ಯಾಯ ವಿದ್ಯುತ್ತಿನ ಪ್ರತಿ ಆವರ್ತದ ಅರ್ಧಭಾಗದಲ್ಲಿ ಮಾತ್ರ ಕೆಲಸ ಮಾಡುವುದರಿಂದ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ 10 ಮಿಲಿಸೆಕೆಂಡು ಗದ್ದಲ, 10 ಮಿಲಿಸೆಕೆಂಡು ಮೌನ. ಅನ್ನ ಬಿಸಿಯಾಗುತ್ತಿರುವಾಗ ಪಾಠ ಪೂರ್ತಿ ನಿಲ್ಲದೆ ಕುಂಟುವುದಕ್ಕೆ ಇದೇ ಕಾರಣ.

ಹಾಗಾದರೆ ಮೇಲಿನ ಪಟ್ಟಿಗೆ ಹೋಗಬಾರದೆ? ಹೋಗಬಹುದು, ಸಾಧ್ಯವಿದ್ದಲ್ಲಿ ಹೋಗಲೇಬೇಕು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅಗಲವನ್ನು ಮುಕ್ತಗೊಳಿಸಿತು. ಕೆಳಗಿನ ಪಟ್ಟಿಯ ಏಳರಷ್ಟು ಬಯಲು! ಆದರೆ ತರಂಗದೂರ ಅಲ್ಲಿ ಐದೂವರೆ ಸೆಂಟಿಮೀಟರಿನ ಸುಮಾರು. ಅದಕ್ಕೆ ತಕ್ಕಂತೆ ಆಂಟೆನವೂ ಚಿಕ್ಕದಾಗುವುದರಿಂದ, ತೆರೆದ ಬಯಲಿನಲ್ಲಿಯೇ ಅದು ಹಿಡಿಯುವ ಶಕ್ತಿ ಕೆಳಗಿನ ಪಟ್ಟಿಯ ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಮೇಲಾಗಿ ಇಟ್ಟಿಗೆ, ಕಾಂಕ್ರೀಟುಗಳು ಈ ಅಲೆಗಳನ್ನು ಹೆಚ್ಚು ಹೀರುತ್ತವೆ. ಹಜಾರದಿಂದ ಹೊರಟ ಅಲೆ ಎರಡು ತಾರಸಿಗಳನ್ನೂ ಒಂದೆರಡು ಗೋಡೆಗಳನ್ನೂ ದಾಟಿ ಎರಡನೆಯ ಮಹಡಿಗೆ ತಲಪುವಷ್ಟರಲ್ಲಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ಮೊಬೈಲು ಆಗ ತಾನಾಗಿಯೇ ಕೆಳಗಿನ ಪಟ್ಟಿಗೆ ಇಳಿಯುತ್ತದೆ. ನನ್ನ ಸ್ನೇಹಿತರ ಮನೆಯಲ್ಲಿ ಆಗುತ್ತಿದ್ದುದೂ ಇದೇ. ಮಗಳು ಹೊಸ ರೌಟರಿನ ಹಳೆಯ ಪಟ್ಟಿಯಲ್ಲಿ ಓದುತ್ತಿದ್ದಳು.

ಕೆಳಗಿನ ಪಟ್ಟಿಯನ್ನು ಮಾನಕಕಾರರೂ ಕೆಲಕಾಲ ಕೈಬಿಟ್ಟಿದ್ದರು. 2009ರ ಮಾನಕ, ಈಗ ವೈ-ಫೈ 4 ಎನ್ನುವುದು, ಎರಡೂ ಪಟ್ಟಿಗಳಿಗೆ ಸಲ್ಲುತ್ತಿತ್ತು. 2013ರ ವೈ-ಫೈ 5 ಮೇಲಿನ ಪಟ್ಟಿಗೆ ಮಾತ್ರ ಮೀಸಲು. ಆ ಹೆಸರಿನಲ್ಲಿ ಮಾರಾಟವಾದ ರೌಟರುಗಳು ಕೆಳಗೆ 2009ರ ಭಾಷೆಯನ್ನೇ ಆಡುತ್ತಿದ್ದವು. ವೈ-ಫೈ 6ರ ಯಂತ್ರಗಳಿಗೆ 2019ರಲ್ಲಿ ಪ್ರಮಾಣಪತ್ರ ನೀಡಲಾರಂಭಿಸಿದಾಗ, ಹತ್ತು ವರ್ಷಗಳ ಅನಂತರ ಕೆಳಗಿನ ಪಟ್ಟಿಗೆ ಹೊಸತೇನಾದರೂ ಬಂದಂತಾಯಿತು.

ಏನು ಬಂದಿತು? ಎಲ್ಲರೂ ಹೇಳುವುದು ವೇಗದ ಮಾತು. 20 ಮೆಗಾಹರ್ಟ್ಸ್ ಅಗಲದಲ್ಲಿ, ಒಂದು ಆಂಟೆನದ ಧಾರೆಯಲ್ಲಿ, 2009ರ ಮಾನಕದ ಗರಿಷ್ಠ ವೇಗ ಸೆಕೆಂಡಿಗೆ 7.2 ಕೋಟಿ ಬಿಟ್. ವೈ-ಫೈ 6ರದು 14.3 ಕೋಟಿ. ಅಲೆಯ ಒಂದೊಂದು ಚಿಹ್ನೆಯ ಮೇಲೆ ಆರರ ಬದಲು ಹತ್ತು ಬಿಟ್‌ಗಳನ್ನು ಹೇರುವುದು ಇದಕ್ಕೆ ಮುಖ್ಯ ಕಾರಣ. ಹತ್ತು ಬಿಟ್ ಹೇರಬೇಕಾದರೆ 1,024 ಬಗೆಯ ಚಿಹ್ನೆಗಳನ್ನು ಗ್ರಾಹಕವು ಒಂದರಿಂದೊಂದು ಬೇರ್ಪಡಿಸಿ ಗುರುತಿಸಬೇಕು. ರೌಟರಿನ ಎದುರಿಗೇ ಕುಳಿತವರಿಗೆ ಮಾತ್ರ ಇದು ಸಾಧ್ಯ. ಎರಡನೆಯ ಮಹಡಿಯವರಿಗೆ ಆ ಅಂಕಿ ಬರಿಯ ಪೆಟ್ಟಿಗೆಯ ಮೇಲಿನ ಅಲಂಕಾರ.

ನನ್ನ ದೃಷ್ಟಿಯಲ್ಲಿ ನಿಜವಾದ ಲಾಭ ಬೇರೆ ಎರಡರಲ್ಲಿದೆ. ಮೊದಲನೆಯದು ಹಂಚಿಕೆ. ಹಿಂದಿನ ಮಾನಕಗಳಲ್ಲಿ ಒಂದು ಯಂತ್ರ ಮಾತನಾಡುವಾಗ ಚಾನೆಲಿನ ಪೂರ್ತಿ ಅಗಲ ಅದರದೇ. ಮೊಬೈಲೊಂದು ನಾಲ್ಕು ಪದದ ಸಂದೇಶ ಕಳುಹಿಸಬೇಕಾದರೂ ಕಾಯುವುದು, ಮುನ್ನುಡಿ, ಸ್ವೀಕೃತಿ ಎಲ್ಲವೂ ನಡೆಯಬೇಕು. ಒಬ್ಬನೇ ಪ್ರಯಾಣಿಕನಿಗಾಗಿ ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಇಡೀ ಬಸ್ಸು ಹೊರಟಂತೆ. ವೈ-ಫೈ 6 ಚಾನೆಲನ್ನು 256 ಕಿರು ವಾಹಕಗಳಾಗಿ ಸೀಳಿ, ಇಪ್ಪತ್ತಾರರ ಕಟ್ಟುಗಳನ್ನಾಗಿ ಮಾಡಿ, ಒಂದೇ ಸಲಕ್ಕೆ ಒಂಬತ್ತು ಯಂತ್ರಗಳವರೆಗೆ ಹಂಚಬಲ್ಲದು. ಯಾರಿಗೆ ಯಾವ ಆಸನವೆಂದು ರೌಟರೇ ನಿರ್ಧರಿಸುತ್ತದೆ. ಚೀಟಿಯೆತ್ತುವ ಗೊಂದಲ ಅಷ್ಟರಮಟ್ಟಿಗೆ ತಪ್ಪುತ್ತದೆ.

ಎರಡನೆಯದು ಬಣ್ಣ. ಇದು ಕಣ್ಣಿಗೆ ಕಾಣುವ ಬಣ್ಣವಲ್ಲ, 1ರಿಂದ 63ರವರೆಗಿನ ಒಂದು ಗುರುತಿನ ಸಂಖ್ಯೆ. ವೈ-ಫೈ 6ರ ಪ್ರತಿ ಸಂದೇಶದ ಆರಂಭದಲ್ಲಿಯೇ ತನ್ನ ಮನೆಯ ಬಣ್ಣ ಬರೆದಿರುತ್ತದೆ. ಆಲಿಸುತ್ತಿರುವ ರೌಟರು ‘ಇದು ನಮ್ಮ ಮನೆಯ ಮಾತಲ್ಲ, ದೂರದ್ದು’ ಎಂದು ತಿಳಿದರೆ, ತಾನು ಕೊಂಚ ದನಿ ತಗ್ಗಿಸಿ ಅದರ ಜೊತೆಗೇ ಮಾತನಾಡಬಹುದು. ಹಿಂದೆ ಸುಮ್ಮನಾಗುತ್ತಿದ್ದ ಮಟ್ಟಕ್ಕಿಂತ ನೂರು ಪಟ್ಟು ಬಲವಾದ ನೆರೆಮಾತಿನವರೆಗೂ ಈ ಸಡಿಲಿಕೆ ಉಂಟು. ಮದುವೆಯ ಮನೆಯಲ್ಲಿ ನೂರು ಜನ ಏಕಕಾಲಕ್ಕೆ ಮಾತನಾಡಿದರೂ ನಮ್ಮ ಪಂಕ್ತಿಯವರ ಮಾತು ನಮಗೆ ತಿಳಿಯುವುದಿಲ್ಲವೆ, ಹಾಗೆ.

ಈ ಎರಡು ಉಪಾಯಗಳೂ ಕೆಳಗಿನ ಪಟ್ಟಿಯ ಬಾಧೆಗೆ ಹೇಳಿ ಮಾಡಿಸಿದಂತಿವೆ. ಆದರೆ ತೊಡಕೂ ಇಲ್ಲಿಯೇ. ಹಂಚಿಕೆ ನಡೆಯಬೇಕಾದರೆ ರೌಟರು ಮಾತ್ರವಲ್ಲ, ಮೊಬೈಲೂ ಹೊಸ ಮಾನಕದ್ದಾಗಿರಬೇಕು. ಬಣ್ಣ ಪ್ರಯೋಜನಕ್ಕೆ ಬರಬೇಕಾದರೆ ನೆರೆಮನೆಯ ಯಂತ್ರಗಳೂ ಬಣ್ಣ ಬಳಿದುಕೊಂಡಿರಬೇಕು. ಹಳೆಯ ಯಂತ್ರದ ಸಂದೇಶದಲ್ಲಿ ಆ ಗುರುತಿಗೆ ಸ್ಥಳವೇ ಇಲ್ಲ. ನಾವು ಕೊಂಡ ಯಂತ್ರದ ಸುಖ ನೆರೆಯವರ ಖರೀದಿಯನ್ನು ಅವಲಂಬಿಸಿರುವುದು ವಿಚಿತ್ರವೆನಿಸಿದರೂ ಸತ್ಯ. 2024ರ ಜನವರಿಯಿಂದ ಪ್ರಮಾಣಪತ್ರ ಪಡೆಯುತ್ತಿರುವ ವೈ-ಫೈ 7 ಎರಡು ಪಟ್ಟಿಗಳಲ್ಲಿ ಒಟ್ಟಿಗೆ ಸಂಪರ್ಕ ಇಟ್ಟುಕೊಳ್ಳಬಲ್ಲದು. ಮೇಲಿನದು ಸೋತಾಗ ಕೆಳಗಿನದು ಕೈಹಿಡಿಯುತ್ತದೆ. ಆದರೆ ಕೆಳಗಿನ ಪಟ್ಟಿಯ ಅಗಲವನ್ನು ಅದೂ ಹಿಗ್ಗಿಸಲಾರದು.

ಇನ್ನು ಸ್ನೇಹಿತರ ಮನೆಗೆ ಬರೋಣ. ರೌಟರಿನ ಒಳವಿವರಗಳನ್ನು ತೆರೆದು ನೋಡಿದಾಗ ಅದು ತಾನಾಗಿಯೇ ಚಾನೆಲ್ 3ನ್ನು ಆರಿಸಿಕೊಂಡಿತ್ತು. ಅಗಲವೋ 40 ಮೆಗಾಹರ್ಟ್ಸ್. ಪಟ್ಟಿಯ ಅರ್ಧವನ್ನೇ ಆಕ್ರಮಿಸಿದರೆ ವೇಗ ಇಮ್ಮಡಿಸಬೇಕಲ್ಲವೆ? ಒಂಟಿ ತೋಟದ ಮನೆಯಲ್ಲಿ ಇಮ್ಮಡಿಸುತ್ತದೆ. ಬಸವೇಶ್ವರನಗರದಲ್ಲಿ, 1ರವರೂ 6ರವರೂ ಇಬ್ಬರೂ ಸುಮ್ಮನಿರುವ ಕ್ಷಣಕ್ಕಾಗಿ ಕಾಯಬೇಕಾಗುತ್ತದೆ. 3ರ ಆಯ್ಕೆ ಇನ್ನೂ ಕೆಟ್ಟದು. ಚಾನೆಲ್ 1ರಲ್ಲಿರುವ ನೆರೆಯವನ ಮಾತು 3ರವನಿಗೆ ಅರ್ಧಂಬರ್ಧ ಕೇಳಿಸುತ್ತದೆಯೇ ಹೊರತು ಮಾತೆಂದು ತಿಳಿಯುವುದಿಲ್ಲ. ಬರಿಯ ಗದ್ದಲವೆಂದು ಎಣಿಸುತ್ತದೆ. ಗದ್ದಲಕ್ಕೆ ಯಂತ್ರ ಸುಮ್ಮನಾಗಬೇಕಾದರೆ ಅದು ಮಾತಿಗಿಂತ ನೂರು ಪಟ್ಟು ಬಲವಾಗಿರಬೇಕು. ಹೀಗಾಗಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾತನಾಡಿ, ಇಬ್ಬರ ಮಾತೂ ಕೆಟ್ಟು, ಇಬ್ಬರೂ ಮತ್ತೆ ಹೇಳಬೇಕಾಗುತ್ತದೆ. ಸಂದಣಿಯಿರುವ ಚಾನೆಲ್ 1, ತೆರವಾದಂತೆ ತೋರುವ 3ಕ್ಕಿಂತ ಲೇಸು.

ಭಾರತದಲ್ಲಿ 13ನೆಯ ಚಾನೆಲಿಗೂ ಅನುಮತಿ ಇರುವುದರಿಂದ 1, 5, 9, 13 ಎಂದು ನಾಲ್ಕು ಓಣಿಗಳನ್ನು ಮಾಡಿಕೊಳ್ಳಬಹುದೆಂದು ಕೆಲವರು ವಾದಿಸುತ್ತಾರೆ. ಲೆಕ್ಕ ಸರಿಯೇ. ಇಡೀ ಬೀದಿ ಒಪ್ಪಿದರೆ ಲಾಭ. ಒಬ್ಬನೇ ಹೊರಟರೆ ಅವನು 5ರಲ್ಲಿ ಕುಳಿತು 1ರವರಿಗಲ್ಲದಿದ್ದರೂ 6ರವರಿಗೆ ಕಂಟಕನಾಗುತ್ತಾನೆ.

ನಾವು ಅಗಲವನ್ನು 20ಕ್ಕೆ ಇಳಿಸಿದೆವು. ಅಡುಗೆಮನೆಯ ಒಲೆಯಿಂದ ದೂರವಿರಲೆಂದು ಚಾನೆಲ್ 1ನ್ನು ಆರಿಸಿದೆವು. ಹಳೆಯ ನಿಧಾನಗತಿಗಳನ್ನು ನಿಲ್ಲಿಸಿದೆವು. ಮನೆಯಲ್ಲಿ ಅಷ್ಟು ಹಳೆಯ ಯಂತ್ರ ಯಾವುದೂ ಇರಲಿಲ್ಲ. ಟಿ.ವಿ.ಯ ಹಿಂದೆ ಅಡಗಿದ್ದ ರೌಟರನ್ನು ಮೆಟ್ಟಿಲಿನ ತಿರುವಿಗೆ ತಂದೆವು. ಅಲ್ಲಿಂದ ಮೇಲಕ್ಕೆ ಅಲೆಗಳಿಗೆ ಕಾಂಕ್ರೀಟಿಲ್ಲದ ದಾರಿಯಿದೆ. ಅಂದು ರಾತ್ರಿ ಪಾಠ ನಿಲ್ಲದೆ ನಡೆಯಿತು, ಚಿತ್ರ ಮಾತ್ರ ಸ್ವಲ್ಪ ಮಸುಕು. ಮುಂದಿನ ವಾರ ಸ್ನೇಹಿತರು ಎರಡನೆಯ ಮಹಡಿಗೆ ಒಂದು ತಂತಿ ಎಳೆಸಿ ಹೊಸ ರೌಟರನ್ನು ಮಗಳ ಕೋಣೆಯಲ್ಲಿಯೇ ಇಟ್ಟು, ತೆಗೆದಿಟ್ಟಿದ್ದ ಹಳೆಯದನ್ನು ಹಜಾರಕ್ಕೆ ಮರಳಿಸಿದರು. ಮಗಳಿಗೆ ಈಗ ಮೇಲಿನ ಪಟ್ಟಿ ದೊರೆಯುತ್ತದೆ. ಅವಳು ಕೆಳಗಿನ ಪಟ್ಟಿಯಿಂದ ಎದ್ದುಹೋದದ್ದರಿಂದ ನೆರೆಮನೆಯವರಿಗೂ ಅಷ್ಟು ಕಾಲ ಉಳಿಯಿತು; ಅವರಿಗೆ ಅದು ಗೊತ್ತಿರಲಾರದು.

2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು 5,925ರಿಂದ 6,425 ಮೆಗಾಹರ್ಟ್ಸ್‌ವರೆಗಿನ ಮತ್ತೊಂದು ಪಟ್ಟಿಯನ್ನು ಮುಕ್ತಗೊಳಿಸುವ ಕರಡು ನಿಯಮಗಳನ್ನು ಪ್ರಕಟಿಸಿತು. ಅಲ್ಲಿಯ ಅಲೆಗಳು ಐದು ಸೆಂಟಿಮೀಟರಿಗಿಂತಲೂ ಕಿರಿದು. ಗೋಡೆಗಳು ಅವಕ್ಕೆ ಇನ್ನೂ ಕಠಿಣ. ತೊಟ್ಟಿಯ ಪಂಪನ್ನು ನಡೆಸುವ ಅಗ್ಗದ ಸ್ವಿಚ್ಚು, ಬಾಗಿಲ ಕರೆಗಂಟೆ, ಬಣ್ಣ ಬದಲಿಸುವ ದೀಪ ಮುಂತಾದ ಚಿಲ್ಲರೆ ಯಂತ್ರಗಳು ಬಹುಮಟ್ಟಿಗೆ 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲವು, ಮತ್ತು ಕೊಂಡ ಮೇಲೆ ಅವು ವರ್ಷಗಟ್ಟಲೆ ಗೋಡೆಯಲ್ಲಿಯೇ ಉಳಿಯುತ್ತವೆ.